ಸಾಲದ ಪುಸ್ತಕ ಯಾರ ಕೈಯಲ್ಲಿದೆ?

ಮುಂಬೈನ ಕಾಮಾಠಿಪುರ, ಕೋಲ್ಕತ್ತದ ಸೋನಾಗಾಛಿಯಂಥ ವೇಶ್ಯಾವಾಟಿಕೆಗಳಿಗೆ ಮಾರಾಟವಾಗಿ ಬಂದ ಹುಡುಗಿಯನ್ನು ಬೀಗ ಹಾಕಿ ಕೂಡಿಡುವುದು ಮೊದಮೊದಲಿಗೆ ಮಾತ್ರ. ಆಮೇಲೆ ಸಾಲವೇ ಸಾಕು.

ಘರ್‌ವಾಲಿ, ಅಂದರೆ ವೇಶ್ಯಾಗೃಹ ನಡೆಸುವವಳು, ದಲ್ಲಾಳಿಗೆ ಕೊಟ್ಟ ದುಡ್ಡನ್ನು ಹುಡುಗಿಯ ಹೆಸರಿಗೇ ಬರೆಯುತ್ತಾಳೆ. ಅದರ ಮೇಲೆ ಬಡ್ಡಿ, ಸೀರೆ, ಔಷಧಿ. ನೂರಕ್ಕೆ ತಿಂಗಳಿಗೆ 5ರ ಬಡ್ಡಿ ಎಂದಿಟ್ಟುಕೊಂಡರೂ 1 ಲಕ್ಷಕ್ಕೆ ತಿಂಗಳಿಗೆ 5,000 ರೂಪಾಯಿ ಬಡ್ಡಿಗೇ ಹೋಯಿತು, ಅಸಲು ಅಲ್ಲಾಡುವುದಿಲ್ಲ. ಈ ಹಂತದವಳು ಛೋಕ್ರಿ: ಊಟ ಉಂಟು, ಕೂಲಿ ಇಲ್ಲ. ಸಾಲ ತೀರಿತೆಂದು ಘರ್‌ವಾಲಿ ಒಪ್ಪಿದ ಮೇಲೆ ಆಧಿಯಾ, ಅಂದರೆ ಸಂಪಾದನೆಯಲ್ಲಿ ಅರ್ಧ ಪಾಲು. ಕಬ್ಬು ಕಡಿಯುವ ಗ್ಯಾಂಗಿಗೆ ಕೊಡುವ ಮುಂಗಡದ್ದೇ ಲೆಕ್ಕಾಚಾರ, ಇಲ್ಲಿ ಹಂಗಾಮು ಮುಗಿಯುವುದಿಲ್ಲ ಅಷ್ಟೆ. ಪೊಲೀಸ್ ದಾಳಿಯಾದರೆ ಬಿಡಿಸಿಕೊಂಡು ಬರಲು ವಕೀಲರಿಗೆ ಸುರಿದದ್ದೂ ಅವಳ ಖಾತೆಗೇ. ಹಾಗಾಗಿ ದಾಳಿಯಿಂದಲೇ ಸಾಲ ಬೆಳೆಯುವುದುಂಟು.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2024ರ ಅಂದಾಜಿನಂತೆ ಜಗತ್ತಿನಲ್ಲಿ ಬಲವಂತದ ದುಡಿಮೆಯಿಂದ ಬರುವ ಅಕ್ರಮ ಲಾಭ ವರ್ಷಕ್ಕೆ 23,600 ಕೋಟಿ ಡಾಲರ್. ಖಾಸಗಿಯವರ ಹಿಡಿತದಲ್ಲಿ ಹೀಗೆ ದುಡಿಯುವವರಲ್ಲಿ ಲೈಂಗಿಕ ಶೋಷಣೆಗೆ ಸಿಕ್ಕವರು ಶೇ 27. ಲಾಭದಲ್ಲಿ ಅವರಿಂದ ಬರುವುದು ಶೇ 73. ಇಷ್ಟು ಲಾಭವಿರುವ ದಂಧೆಯನ್ನು ‘ನೀತಿಗೆಟ್ಟವರ ಕೆಲಸ’ ಎಂದು ಬೈದರೆ ಏನೂ ಆಗದು. ಬೆಳಗಾವಿ, ಬಾಗಲಕೋಟೆಯ ಭೂಮಿಯಿಲ್ಲದ ದಲಿತ ಮನೆಗಳಿಂದ ದೇವದಾಸಿ ಪದ್ಧತಿಯ ದಾರಿಯಲ್ಲಿ ಹೆಣ್ಣುಮಕ್ಕಳು ಮುಂಬೈ, ಪುಣೆ, ಸಾಂಗ್ಲಿಗೆ ಹೋದದ್ದಕ್ಕೆ ದೇವಿಯ ಹೆಸರಿತ್ತು, ದುಡ್ಡು ಮಾತ್ರ ದಲ್ಲಾಳಿಯದು. 1982ರ ಕಾಯ್ದೆ ಮುತ್ತು ಕಟ್ಟುವುದನ್ನು (ದೇವದಾಸಿಯಾಗಿ ಬಿಡುವುದನ್ನು) ನಿಷೇಧಿಸಿತು, ಹೊಲ ಕೊಡಲಿಲ್ಲ.

ಪ್ರಕರಣಗಳು ಹಳ್ಳ ಹಿಡಿಯುವುದು ಎಫ್‌ಐಆರ್‌ನಲ್ಲೇ. 1956ರ ಅನೈತಿಕ ಸಾಗಾಣಿಕೆ (ತಡೆ) ಕಾಯ್ದೆಯೊಂದನ್ನೇ ಹಾಕಿದರೆ, ಗಿರಾಕಿ ಕರೆದಳೆಂದು 8ನೇ ಸೆಕ್ಷನ್ನಿನಡಿ ಹೆಂಗಸೇ ಆರೋಪಿಯಾಗುವ ಅಪಾಯವಿದೆ. ಮಾನವ ಸಾಗಾಣಿಕೆಗೆ ಶಿಕ್ಷೆ ಹೇಳುವ ಭಾರತೀಯ ನ್ಯಾಯ ಸಂಹಿತೆಯ 143ನೇ ಸೆಕ್ಷನ್ ಸೇರಲೇಬೇಕು: ಕನಿಷ್ಠ 7 ವರ್ಷ ಜೈಲು, ಬಾಲಕಿಯಾದರೆ 10, ‘ಒಪ್ಪಿಯೇ ಬಂದಳು’ ಎಂಬ ವಾದ ಅಲ್ಲಿ ನಡೆಯದು. ತಿಳಿದೂ ಮನೆ ಬಾಡಿಗೆಗೆ ಕೊಟ್ಟ ಮಾಲೀಕನ ಮೇಲೆ 1956ರ ಕಾಯ್ದೆಯ 3(2) ಸೆಕ್ಷನ್.

ಎಲ್ಲರೂ ಮರೆಯುವುದು 1976ರ ಜೀತ ಪದ್ಧತಿ (ರದ್ದತಿ) ಕಾಯ್ದೆಯನ್ನು. ಸಾಲವನ್ನೇ ಅಳಿಸುವುದು ಅದು. ಉಪವಿಭಾಗಾಧಿಕಾರಿ ಅಥವಾ ಜಿಲ್ಲಾಧಿಕಾರಿಯಿಂದ ಬಿಡುಗಡೆ ಪ್ರಮಾಣಪತ್ರ ಪಡೆದರೆ ತಕ್ಷಣಕ್ಕೆ 30,000 ರೂ.ವರೆಗೆ ನೆರವು, ವೇಶ್ಯಾಗೃಹದಿಂದ ಬಿಡುಗಡೆಯಾದವರಿಗೆ ಒಟ್ಟು ಪುನರ್ವಸತಿ ಮೊತ್ತ 3 ಲಕ್ಷ. ಹೇಳಿಕೆ ಬರೆಸುವಾಗಲೇ ಎಷ್ಟು ಸಾಲ, ಯಾರು ಬರೆದರು, ದಿನದ ದುಡಿಮೆ ಯಾರ ಕೈ ಸೇರುತ್ತಿತ್ತು ಎಂಬುದನ್ನು ದಾಖಲಿಸಿ, ಪುಸ್ತಕ ಸಿಕ್ಕರೆ ಪಂಚನಾಮೆಗೆ ಸೇರಿಸಿ.