ಕೋಲ್ಕತ್ತಾದಲ್ಲಿ ಮೊದಲೇ ನೋಡಿದ್ದ ಮನೆ

ಡರ್ಬಿಯಿಂದ ನಾಲ್ಕೈದು ಮೈಲಿ ಅಷ್ಟೇ. ಕುರಿ ಮೇಯುವ ಹುಲ್ಲುಗಾವಲು, ಒಂದು ಕಲ್ಲಿನ ಸೇತುವೆ, ಆಚೆಗೆ ಕೆಡಲ್‌ಸ್ಟನ್ ಹಾಲ್. ಕಾರು ತಿರುಗಿದ್ದೇ ತಡ, "ಅರೆ, ಇದನ್ನ ಎಲ್ಲೋ ನೋಡಿದ್ದೀನಲ್ಲ" ಅಂದೆ. ಅಕ್ಕನ ಮಗ ನಕ್ಕ. ನಾನು ಇಂಗ್ಲೆಂಡಿಗೆ ಬಂದಿದ್ದೇ ಮೊದಲ ಸಲ. ನೋಡಿದ್ದು ಕೋಲ್ಕತ್ತಾದಲ್ಲಿ, ರಾಜಭವನದ ಗೇಟಿನ ಸರಳುಗಳ ಸಂದಿಯಿಂದ!

1759ರಲ್ಲಿ ನಥಾನಿಯಲ್ ಕರ್ಜನ್ ಈ ಮನೆ ಕಟ್ಟಿಸಲು ಶುರುಮಾಡಿದ. ವಾಸ್ತುಶಿಲ್ಪಿಗಳು ಬದಲಾಗುತ್ತಲೇ ಹೋದರು: ಬ್ರೆಟಿಂಗ್‌ಹ್ಯಾಮ್ ಆಯಿತು, ಪೇನ್ ಆಯಿತು, ಕೊನೆಗೆ ಕೆಲಸ ರಾಬರ್ಟ್ ಆಡಮ್ ಕೈಗೆ ಬಂತು. ಅಡ್ಡ ಇತ್ತು ಅಂತ ಹಳ್ಳಿಯನ್ನೇ ಆಚೆಗೆ ಸರಿಸಿದರು. ಉಳಿದದ್ದು ಚರ್ಚ್ ಒಂದೇ. ಅದು ಈಗಲೂ ಮನೆಗೆ ಅಂಟಿಕೊಂಡಂತೆ ನಿಂತಿದೆ.

ನಡುವಿನ ದೊಡ್ಡ ಮನೆ ಇರುವುದು ಅತಿಥಿಗಳಿಗೆ, ಠೀವಿಗೆ. ಬಿಲ್ಲಿನಂತೆ ಬಾಗಿದ ಎರಡು ಪಡಸಾಲೆ ದಾಟಿದರೆ ಒಂದು ಕಡೆ ಮನೆಯವರ ವಾಸ, ಇನ್ನೊಂದು ಕಡೆ ಅಡುಗೆಮನೆ. ಅಷ್ಟು ದೂರದಿಂದ ಬಂದ ಸಾರು ಬಿಸಿಯಾಗಿ ಇರುತ್ತಿತ್ತಾ?

ಒಳಗೆ ಕಾಲಿಟ್ಟರೆ ಮಾರ್ಬಲ್ ಹಾಲ್. ಸಾಲಾಗಿ 20 ಕಂಬ, ಎಲ್ಲವೂ ಅಲಬಾಸ್ಟರ್. ಕಲ್ಲಿನ ತುಂಬ ಕೆಂಪು-ಗುಲಾಬಿ ನರಗಳು, ಹಸಿ ಮಾಂಸದ ಹಾಗೆ. ಬೆಳಕು ಬರುವುದು ಮೇಲಿನಿಂದ ಮಾತ್ರ. ಗೋಡೆಯಲ್ಲಿ ಕಿಟಕಿಯೇ ಇಲ್ಲ ಅಂತ ನನಗೆ ಹೊಳೆದಿದ್ದು ತುಂಬಾ ಹೊತ್ತಿನ ಮೇಲೆ. ಅದರ ಹಿಂದೆಯೇ 62 ಅಡಿ ಎತ್ತರದ ಗುಮ್ಮಟದ ದುಂಡನೆ ಕೋಣೆ. ಅಲ್ಲಿ ಸುಮ್ನೆ ಕತ್ತೆತ್ತಿ ನಿಂತೆ.

ಆಡಮ್ ಯೋಜನೆಯಲ್ಲಿ ಮೂಲೆಗೊಂದರಂತೆ ನಾಲ್ಕು ಕಟ್ಟಡ ಇದ್ದವು. ಕಟ್ಟಿದ್ದು ಎರಡೇ. ಇದೇ ನಕ್ಷೆಯ ಮಾದರಿಯಲ್ಲಿ ಕೋಲ್ಕತ್ತಾದಲ್ಲಿ ಗವರ್ನಮೆಂಟ್ ಹೌಸ್ (ನಾನು ನೋಡಿದ್ದ ರಾಜಭವನ ಇದೇ) ಕಟ್ಟಿಸಿದ ಗವರ್ನರ್ ಜನರಲ್ ವೆಲ್ಲೆಸ್ಲಿ ನಾಲ್ಕನ್ನೂ ಮುಗಿಸಿದ! ಅಲ್ಲಿ ಕೆಲಸ ಶುರುವಾದದ್ದು 1799ರಲ್ಲಿ. ಅದೇ ವರ್ಷ ಮೇ ತಿಂಗಳಲ್ಲಿ ಇವನ ಸೈನ್ಯ ಶ್ರೀರಂಗಪಟ್ಟಣ ಹಿಡಿದದ್ದು, ಟಿಪ್ಪು ಸತ್ತದ್ದು. ನೂರು ವರ್ಷ ಕಳೆದು, 1899ರಲ್ಲಿ, ಕೆಡಲ್‌ಸ್ಟನ್‌ನಲ್ಲೇ ಹುಟ್ಟಿದ ಲಾರ್ಡ್ ಕರ್ಜನ್ ವೈಸ್‌ರಾಯ್ ಆಗಿ ಆ ನಕಲು ಮನೆಗೆ ಹೋದ. ಹೊಸ ಮನೆ ಅಂತ ಅನಿಸಿರಲಿಕ್ಕಿಲ್ಲ, ಅಲ್ವಾ?

ಅವನು ಪೂರ್ವದೇಶಗಳಿಂದ ತಂದ ವಸ್ತುಗಳು ಕೆಳಗಿನ ಮ್ಯೂಸಿಯಂನಲ್ಲಿವೆ. 1903ರ ದೆಹಲಿ ದರ್ಬಾರಿನ ನೃತ್ಯಕೂಟಕ್ಕೆ ಅವನ ಹೆಂಡತಿ ಮೇರಿ ಉಟ್ಟ ನವಿಲುಗರಿ ಚಿತ್ತಾರದ ಗೌನ್ ಕೂಡ ಈ ಮನೆಯದೇ. ಜರ್ದೋಜಿ ಕಸೂತಿ ನಮ್ಮ ದೇಶದವರದು, ಹೊಲಿಗೆ ಪ್ಯಾರಿಸ್‌ನದು. ಪ್ರತಿ ನವಿಲುಗಣ್ಣಿನಲ್ಲೂ ಹಸಿರು ಜೀರುಂಡೆಯ ರೆಕ್ಕೆ. ಮನೆಗಿಂತ ಅದರ ಕತೆಯೇ ನನಗೆ ಜಾಸ್ತಿ ಹಿಡಿಸಿತು.

ಹೊರಗೆ ಬಂದು ದಕ್ಷಿಣದ ಕಡೆ, ಕಟ್ಟದೇ ಉಳಿದ ಆ ಎರಡು ಮೂಲೆಗಳನ್ನು ಹುಡುಕಿದೆವು. ಒಂದರಲ್ಲಿ ಯಾರೋ ಚಾಪೆ ಹಾಸಿ ಸ್ಯಾಂಡ್‌ವಿಚ್ ತಿನ್ನುತ್ತಿದ್ದರು.