ಹಸಿರು ದೀಪ ಉರಿಯುತ್ತಿದ್ದರೂ ‘ಆಫ್‌ಲೈನ್’ ಎನ್ನುತ್ತಿದ್ದ ಪ್ರಿಂಟರ್

ಕಳೆದ ಭಾನುವಾರ ಸಂಜೆ ಮಗಳ ಶಾಲೆಯ ಪ್ರಾಜೆಕ್ಟಿನ ಹನ್ನೆರಡು ಪುಟಗಳನ್ನು ಮುದ್ರಿಸಲು ಕುಳಿತಾಗ, ಹಿಂದಿನ ದಿನದವರೆಗೂ ಸರಿಯಾಗಿಯೇ ಇದ್ದ ನಮ್ಮ ಮನೆಯ ಪ್ರಿಂಟರ್ ಒಂದು ಹಾಳೆಯನ್ನೂ ಹೊರಗೆ ಹಾಕಲಿಲ್ಲ. ಹಸಿರು ದೀಪ ಉರಿಯುತ್ತಿತ್ತು, ಟ್ರೇಯಲ್ಲಿ ಕಾಗದವಿತ್ತು, ಇಂಕೂ ಇತ್ತು. ಆದರೆ ಕಂಪ್ಯೂಟರಿನ ಪರದೆಯ ಮೇಲೆ ಮಾತ್ರ ‘ಆಫ್‌ಲೈನ್’ ಎಂದು ಕಾಣುತ್ತಿತ್ತು. ನಾನು ಪ್ರಿಂಟ್ ಗುಂಡಿಯನ್ನು ಮತ್ತೆ ಮತ್ತೆ ಒತ್ತಿದೆ, ಪ್ರಿಂಟರನ್ನು ನಡೆಸುವ ತಂತ್ರಾಂಶವಾದ ಡ್ರೈವರನ್ನು ಅಪ್‌ಡೇಟ್ ಮಾಡಿದೆ, ಕಂಪ್ಯೂಟರನ್ನು ಎರಡು ಸಲ ರೀಸ್ಟಾರ್ಟ್ ಮಾಡಿದೆ. ಸುಮಾರು ಎರಡು ಗಂಟೆ ಹೀಗೆಯೇ ಕಳೆದ ಮೇಲೆ, ತೊಂದರೆ ಎಲ್ಲಿದೆ ಎಂಬುದನ್ನೇ ತಿಳಿಯದೆ ಪರಿಹಾರ ಹುಡುಕುತ್ತಿದ್ದೇನೆ ಎಂದು ನನಗೆ ಅರಿವಾಯಿತು.

ನಾವು ಕೊಟ್ಟ ಕಡತವು ಕಾಗದದ ಮೇಲೆ ಮೂಡುವ ಮೊದಲು ಹಲವು ಹಂತಗಳನ್ನು ದಾಟಬೇಕು. ಅದು ಮೊದಲು ಕಂಪ್ಯೂಟರಿನ ಸರದಿ ಸಾಲಿಗೆ ಸೇರುತ್ತದೆ, ಡ್ರೈವರ್ ಅದನ್ನು ಪ್ರಿಂಟರಿಗೆ ಅರ್ಥವಾಗುವ ರೂಪಕ್ಕೆ ತರುತ್ತದೆ, ಅನಂತರ ಅದು ಯುಎಸ್‌ಬಿ ಕೇಬಲ್ ಅಥವಾ ವೈ-ಫೈ ಮೂಲಕ ಯಂತ್ರವನ್ನು ತಲುಪುತ್ತದೆ. ಹಾಗಾಗಿ ಮೊದಲು ಮಾಡಬೇಕಾದ ಪರೀಕ್ಷೆಯೆಂದರೆ, ಕಂಪ್ಯೂಟರನ್ನು ಪೂರ್ತಿ ಬದಿಗಿಟ್ಟು, ಪ್ರಿಂಟರಿನ ಗುಂಡಿಗಳಿಂದಲೇ ಅದರ ಸೆಟ್ಟಿಂಗ್‌ಗಳ ವಿವರವಿರುವ ಕಾನ್ಫಿಗರೇಶನ್ ಪುಟವನ್ನೋ, ಸ್ಕ್ಯಾನರ್ ಇದ್ದರೆ ಯಾವುದಾದರೂ ಹಾಳೆಯ ಜೆರಾಕ್ಸ್ ಪ್ರತಿಯನ್ನೋ ತೆಗೆದು ನೋಡುವುದು. ಅದು ಬಂದರೆ ಕಾಗದ, ಇಂಕ್, ರೋಲರ್ ಇವುಗಳ ಬಗ್ಗೆ ಮತ್ತೆ ಯೋಚಿಸಬೇಕಾಗಿಲ್ಲ. ನನ್ನ ಪ್ರಿಂಟರ್ ಆ ಪುಟವನ್ನು ಸ್ಪಷ್ಟವಾಗಿ ಮುದ್ರಿಸಿಕೊಟ್ಟಿತು. ಇದನ್ನು ಮೊದಲೇ ಮಾಡಿದ್ದರೆ ನನ್ನ ಎರಡು ಗಂಟೆ ಉಳಿಯುತ್ತಿತ್ತು.

ಹಾಳೆ ಹೊರಬಂದರೂ ಖಾಲಿಯಾಗಿದ್ದರೆ ಅಥವಾ ಅಡ್ಡಗೆರೆಗಳಿದ್ದರೆ ಮಾತು ಬೇರೆ. ಇಂಕ್‌ಜೆಟ್ ಪ್ರಿಂಟರನ್ನು ವಾರಗಟ್ಟಲೆ ಬಳಸದೆ ಬಿಟ್ಟಾಗ ಕೂದಲೆಳೆಗಿಂತ ಸಣ್ಣದಾದ ಅದರ ನಳಿಕೆಗಳಲ್ಲಿ ಇಂಕ್ ಒಣಗಿ ಕಟ್ಟಿಕೊಳ್ಳುತ್ತದೆ. ನಾಜಲ್ ಚೆಕ್ (ನಳಿಕೆಗಳ ಪರೀಕ್ಷಾ ಮುದ್ರಣ) ಮಾಡಿ, ಗೆರೆಗಳು ತಪ್ಪಿದ್ದರೆ ಹೆಡ್ ಕ್ಲೀನಿಂಗ್ (ನಳಿಕೆಗಳ ಶುಚಿ) ಮಾಡಬೇಕು. ಆದರೆ ಎರಡು ಮೂರು ಸಲಕ್ಕೆ ಸರಿಹೋಗದಿದ್ದರೆ ಅಲ್ಲಿಗೇ ನಿಲ್ಲಿಸಿ ಕೆಲವು ಗಂಟೆ ಬಿಟ್ಟು ನೋಡುವುದು ಒಳ್ಳೆಯದು, ಏಕೆಂದರೆ ಪ್ರತಿಯೊಂದು ಶುಚಿಯೂ ಇಂಕನ್ನೇ ಖರ್ಚು ಮಾಡುತ್ತದೆ. ಲೇಸರ್ ಪ್ರಿಂಟರಿನಲ್ಲಿ ಬಳಸುವ ಟೋನರ್ ಒಣಪುಡಿಯಾದ್ದರಿಂದ ಅಲ್ಲಿ ಈ ಕಷ್ಟವಿಲ್ಲ.

ಯಂತ್ರ ಸರಿಯಿದೆ ಎಂದಾದ ಮೇಲೆ ನಾನು ಸರದಿ ಸಾಲನ್ನು ತೆರೆದು ನೋಡಿದೆ. ನಾನು ಒತ್ತಿದಷ್ಟು ಸಲವೂ ಅದೇ ಕಡತ ಸಾಲಿಗೆ ಸೇರಿ ಏಳು ಪ್ರತಿಗಳು ಕಾಯುತ್ತಿದ್ದವು, ಮೊದಲನೆಯದು ಕೆಟ್ಟು ನಿಂತಿದ್ದರಿಂದ ಹಿಂದಿನವೂ ನಿಂತಿದ್ದವು. ಅಳಿಸಲು ಹೋದರೆ ‘ಡಿಲೀಟಿಂಗ್’ ಎಂದು ತೋರಿಸುತ್ತ ಅಲ್ಲೇ ಉಳಿಯಿತು. ವಿಂಡೋಸ್‌ನಲ್ಲಿ ಇದಕ್ಕೆ ಖಚಿತವಾದ ಉಪಾಯವಿದೆ. ‘ಸರ್ವಿಸಸ್’ ಪಟ್ಟಿಯಲ್ಲಿ ಸರದಿ ಸಾಲನ್ನು ನಡೆಸುವ ‘ಪ್ರಿಂಟ್ ಸ್ಪೂಲರ್’ ಎಂಬುದನ್ನು ನಿಲ್ಲಿಸಿ, ವಿಂಡೋಸ್ ಫೋಲ್ಡರಿನಲ್ಲಿರುವ ಸಿಸ್ಟಮ್32, ಅದರೊಳಗಿನ ಸ್ಪೂಲ್, ಅದರೊಳಗಿನ ಪ್ರಿಂಟರ್ಸ್ ಎಂಬ ಫೋಲ್ಡರನ್ನು ತೆರೆದು, ಅದರಲ್ಲಿರುವ ಕಡತಗಳನ್ನು ಮಾತ್ರ ಅಳಿಸಿ, ಸ್ಪೂಲರನ್ನು ಮತ್ತೆ ಆರಂಭಿಸಬೇಕು. ಫೋಲ್ಡರನ್ನೇ ಅಳಿಸಬಾರದು. ಸಾಲು ಖಾಲಿಯಾಯಿತು, ಆದರೂ ‘ಆಫ್‌ಲೈನ್’ ಹೋಗಲಿಲ್ಲ.

ಇದೇ ಹೊತ್ತಿನಲ್ಲಿ ‘ಪಾಜ್ ಪ್ರಿಂಟಿಂಗ್’, ‘ಯೂಸ್ ಪ್ರಿಂಟರ್ ಆಫ್‌ಲೈನ್’ ಎಂಬ ಆಯ್ಕೆಗಳಿಗೆ ಟಿಕ್ ಬಿದ್ದಿಲ್ಲವೆಂದು ನೋಡಿಕೊಂಡೆ. ಯುಎಸ್‌ಬಿ ಬಳಸುವವರು ಒಂದು ವಿಷಯ ಗಮನಿಸಬೇಕು: ಕೇಬಲನ್ನು ಬೇರೆ ಕಿಂಡಿಗೆ ಚುಚ್ಚಿದಾಗ ವಿಂಡೋಸ್ ಕೆಲವೊಮ್ಮೆ ಅದೇ ಪ್ರಿಂಟರನ್ನು ‘ಕಾಪಿ 1’ ಎಂಬ ಹೆಸರಿನಲ್ಲಿ ಹೊಸದಾಗಿ ಸೇರಿಸುತ್ತದೆ, ನಾವು ಹಳೆಯ ಹೆಸರಿಗೇ ಕಡತ ಕಳುಹಿಸುತ್ತ ಇರುತ್ತೇವೆ.

ನಿಜವಾದ ಕಾರಣ, ಆಗಲೇ ಮುದ್ರಣವಾಗಿ ಮೇಜಿನ ಮೇಲೆ ಬಿದ್ದಿದ್ದ ಕಾನ್ಫಿಗರೇಶನ್ ಪುಟದಲ್ಲಿಯೇ ಇತ್ತು. ಅದರಲ್ಲಿ ಪ್ರಿಂಟರಿನ ಐಪಿ ವಿಳಾಸ, ಅಂದರೆ ಮನೆಯ ಜಾಲದಲ್ಲಿ ಅದನ್ನು ಗುರುತಿಸುವ ಸಂಖ್ಯೆ, 192.168.1.14 ಎಂದಿತ್ತು. ಕಂಪ್ಯೂಟರಿನಲ್ಲಿ ‘ಪ್ರಿಂಟರ್ ಪ್ರಾಪರ್ಟೀಸ್’ ತೆರೆದು ಕಂಪ್ಯೂಟರ್ ಯಾವ ವಿಳಾಸಕ್ಕೆ ಕಡತ ಕಳುಹಿಸುತ್ತಿದೆ ಎಂದು ತೋರಿಸುವ ‘ಪೋರ್ಟ್ಸ್’ ಪುಟವನ್ನು ನೋಡಿದರೆ ಅಲ್ಲಿ 192.168.1.9 ಎಂದಿತ್ತು. ಹಿಂದಿನ ರಾತ್ರಿ ವಿದ್ಯುತ್ ಹೋಗಿ ಬಂದಾಗ ರೂಟರ್ ರೀಸ್ಟಾರ್ಟ್ ಆಗಿ, ಮನೆಯ ಸಾಧನಗಳಿಗೆ ವಿಳಾಸಗಳನ್ನು ಹೊಸದಾಗಿ ಹಂಚಿತ್ತು. ಪ್ರಿಂಟರ್ ಹೊಸ ವಿಳಾಸದಲ್ಲಿ ಸಿದ್ಧವಾಗಿ ಕುಳಿತಿತ್ತು, ಕಂಪ್ಯೂಟರ್ ಹಳೆಯ ವಿಳಾಸದಲ್ಲಿ ಅದನ್ನು ಕರೆಯುತ್ತಿತ್ತು. ಡ್ರೈವರನ್ನು ಅಪ್‌ಡೇಟ್ ಮಾಡಿದರೂ ಪೋರ್ಟಿನ ವಿಳಾಸ ಬದಲಾಗುವುದಿಲ್ಲವಾದ್ದರಿಂದ ನನ್ನ ಮೊದಲ ಪ್ರಯತ್ನಗಳೆಲ್ಲ ವ್ಯರ್ಥವಾಗಿದ್ದವು.

ಪೋರ್ಟಿನಲ್ಲಿ ಸರಿಯಾದ ವಿಳಾಸವನ್ನು ಬರೆದ ಕೂಡಲೇ ಪ್ರಿಂಟರ್ ಕೆಲಸ ಆರಂಭಿಸಿತು. ಆದರೆ ಮುಂದಿನ ಸಲ ವಿದ್ಯುತ್ ಹೋದಾಗ ಮತ್ತೆ ಇದೇ ಪಾಡಾಗಬಹುದು. ಆದ್ದರಿಂದ ರೂಟರಿನ ಸೆಟ್ಟಿಂಗ್‌ಗಳಿಗೆ ಹೋಗಿ, ಪ್ರಿಂಟರಿನ ಮ್ಯಾಕ್ ವಿಳಾಸಕ್ಕೆ (ಯಂತ್ರಕ್ಕೆ ತಯಾರಕರೇ ಕೊಟ್ಟಿರುವ ಗುರುತು ಸಂಖ್ಯೆಗೆ) ಈ ಐಪಿಯನ್ನೇ ಕಾಯ್ದಿರಿಸಿದೆ. ‘ಅಡ್ರೆಸ್ ರಿಸರ್ವೇಶನ್’ ಎಂಬ ಹೆಸರಿನಲ್ಲಿ ಬಹಳಷ್ಟು ರೂಟರ್‌ಗಳಲ್ಲಿ ಇದು ಸಿಗುತ್ತದೆ. ರೂಟರನ್ನೇ ಬದಲಿಸಿದವರು ಇನ್ನೊಂದನ್ನೂ ನೋಡಬೇಕು: ಮನೆಬಳಕೆಯ ಅನೇಕ ಪ್ರಿಂಟರ್‌ಗಳಿಗೆ ವೈ-ಫೈಯ 2.4 ಗಿಗಾಹರ್ಟ್ಸ್ ತರಂಗಪಟ್ಟಿ ಮಾತ್ರ ತಿಳಿಯುತ್ತದೆ, 5 ಗಿಗಾಹರ್ಟ್ಸ್ ಜಾಲ ಅವುಗಳ ಪಟ್ಟಿಯಲ್ಲಿ ಕಾಣುವುದೇ ಇಲ್ಲ.

ಆ ರಾತ್ರಿ ರೂಟರನ್ನು ಒಮ್ಮೆ ಆರಿಸಿ, ಮತ್ತೆ ಹಾಕಿ, ಪ್ರಾಜೆಕ್ಟಿನ ಕೊನೆಯ ಪುಟವನ್ನು ಇನ್ನೊಮ್ಮೆ ಮುದ್ರಿಸಿ ನೋಡಿದೆ. ಬಂದಿತು. ಕಾನ್ಫಿಗರೇಶನ್ ಪುಟವನ್ನು ಎಸೆಯದೆ, ದಿನಾಂಕ ಬರೆದು, ಪ್ರಿಂಟರಿನ ಕೆಳಗೆ ಇಟ್ಟಿದ್ದೇನೆ.