ಶಾನುಭೋಗರ ಸಕ್ಕರೆ ಲೆಕ್ಕ: ಒಂದೂವರೆ ಯೂನಿಟ್ಟಿನ ತಗಾದೆ ಮುಗಿಯಿತು

15, 15, 14, 16, 15. ಮಿಲಿಗ್ರಾಂ ಲೆಕ್ಕ. ಈ ಐದು ಅಂಕಿ ನೋಡಿ ಒಂದು ರಾತ್ರಿ ಅಡುಗೆಮನೆಯಲ್ಲಿ ನಾನು ಕುಣಿದದ್ದನ್ನು ಅಮ್ಮ ನೋಡಿದರು. ಯಾಕೆ ಅಂತ ಕೇಳಲಿಲ್ಲ. "ಇನ್ನಾದ್ರೂ ಫ್ಯಾನ್ ಹಾಕ್ಲಾ?" ಎಂದರು. ಗಾಳಿಗೆ ತಕ್ಕಡಿ ಅಲ್ಲಾಡುತ್ತದೆ ಅಂತ ಮನೆಯವರನ್ನೆಲ್ಲ ಬೆವರಿಳಿಸಿ ಕೂರಿಸಿದ್ದೆ.

ಶಾನುಭೋಗರು ನಮ್ಮ ಬೆಕ್ಕು. 13 ವರ್ಷ, ಐದು ಕೆಜಿ ಚಿಲ್ಲರೆ, ಗಂಡು. ಬೆಳಿಗ್ಗೆ ಏಳು, ಸಂಜೆ ಏಳು, ಎರಡು ಹೊತ್ತು ಗ್ಲಾರ್ಜಿನ್ ಇನ್ಸುಲಿನ್. ಕಿವಿಯಂಚು ಚುಚ್ಚುವುದು, ಒಣ ಊಟ ಬಿಡಿಸಿ ಹಸಿ ಊಟಕ್ಕೆ ತರುವುದು, ಸೂಜಿ ಕಂಡರೆ ಮಂಚದಡಿ ಸೇರುವವರನ್ನು ಎಳೆಯುವುದು, ಇದೆಲ್ಲ ಸಕ್ಕರೆ ಕಾಯಿಲೆಯ ಬೆಕ್ಕು ಸಾಕಿದವರಿಗೆ ಗೊತ್ತೇ ಇದೆ. ಬಿಟ್ಟುಬಿಡೋಣ.

ತಲೆ ತಿಂದದ್ದು ಬೇರೆ ವಿಷಯ. ಡೋಸ್ ಅದೇ, ಊಟ ಅದೇ, ಹೊತ್ತು ಅದೇ. ಆದರೂ ಒಂದು ದಿನ ಮಧ್ಯಾಹ್ನ ಸಕ್ಕರೆ 95ಕ್ಕೆ ಇಳಿಯುತ್ತದೆ, ಮರುದಿನ ಅದೇ ಹೊತ್ತಿಗೆ 320ರಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಮೊದಲ ಅನುಮಾನ ಪಕ್ಕದ ಮನೆಯ ಹಾಲಿನ ಮೇಲೆ. ಬಾಗಿಲು ಹಾಕಿ ನೋಡಿದೆ, ಫರಕ್ಕಿಲ್ಲ. ಇನ್ಸುಲಿನ್ ಕೆಟ್ಟಿರಬೇಕು ಅಂತ ಹೊಸ ಕಾರ್ಟ್ರಿಡ್ಜ್ ತೆರೆದೆ, ಫರಕ್ಕಿಲ್ಲ. ಚುಚ್ಚುವ ಜಾಗ ಕತ್ತಿನಿಂದ ಪಕ್ಕೆಗೆ ಬದಲಿಸಿದೆ. ಊಹೂಂ.

ಆಮೇಲೆ ಪೆನ್ನು ಹಿಡಿದು ಲೆಕ್ಕ ಹಾಕಿದೆ. ಯು-100 ಇನ್ಸುಲಿನ್‌ನಲ್ಲಿ (ಮಿಲಿಲೀಟರಿಗೆ 100 ಯೂನಿಟ್ ಇರುವಂಥದ್ದು, ಗ್ಲಾರ್ಜಿನ್ ಅದೇ) ಒಂದು ಯೂನಿಟ್ ಅಂದರೆ 0.01 ಮಿಲಿಲೀಟರ್. ಶಾನುಭೋಗರ ಡೋಸ್ ಒಂದೂವರೆ ಯೂನಿಟ್, ಅಂದರೆ 0.015. ನಲ್ಲಿಯಿಂದ ತೊಟ್ಟಿಕ್ಕುವ ಒಂದು ಹನಿ ಸುಮಾರು 0.05 ಇರುತ್ತದೆ. ಅದರ ಮೂರನೇ ಒಂದು ಭಾಗವೂ ಇಲ್ಲದ ಔಷಧಿಯನ್ನು ನಾವು ಸಿರಿಂಜಿನಲ್ಲಿ ಕಣ್ಣಳತೆಯಲ್ಲಿ ಎಳೆಯುತ್ತಿದ್ದೇವೆ! ಅಮ್ಮ ತೆಗೆದುಕೊಳ್ಳುವುದು 22 ಯೂನಿಟ್. ಅವರಿಗೆ ಅರ್ಧ ಯೂನಿಟ್ ಆಚೀಚೆ ಆದರೆ ಯಾರಿಗೂ ಗೊತ್ತಾಗಲ್ಲ. ಇವರಿಗೆ ಅರ್ಧ ಯೂನಿಟ್ ಅಂದರೆ ಡೋಸಿನ ಮೂರನೇ ಒಂದು ಪಾಲು.

"ಸಲೈನ್ ಬೆರೆಸಿ ತೆಳು ಮಾಡಿಕೊಳ್ಳಿ, ಅಳೆಯೋದು ಸುಲಭ" ಎಂದು ಒಬ್ಬರು ಸಲಹೆ ಕೊಟ್ಟರು. ಗ್ಲಾರ್ಜಿನ್‌ಗೆ ಅದು ನಡೆಯಲ್ಲ. ಅದನ್ನು ಬಾಟಲಿಯಲ್ಲಿ ಆಮ್ಲೀಯವಾಗಿ, ಪಿಎಚ್ ಸುಮಾರು 4ರಲ್ಲಿ, ಇಟ್ಟಿರುತ್ತಾರೆ. ಚರ್ಮದಡಿ ಹೋದ ಮೇಲೆ ಆಮ್ಲ ಕಳೆದು ಸಣ್ಣ ಸಣ್ಣ ಹರಳಾಗಿ ಕೂತು, ಅಲ್ಲಿಂದ ನಿಧಾನವಾಗಿ ಕರಗುತ್ತದೆ. ಹೊತ್ತುಗಟ್ಟಲೆ ಕೆಲಸ ಮಾಡುವ ಗುಟ್ಟೇ ಅದು. ಹೊರಗೇ ನೀರು ಬೆರೆಸಿದರೆ ಆ ಆಟವೇ ಕೆಟ್ಟುಹೋಗುತ್ತದೆ. ಪ್ರಾಣಿಗಳಿಗೆಂದೇ ಮಾಡಿದ ಯು-40 ಇನ್ಸುಲಿನ್ (ಮಿಲಿಲೀಟರಿಗೆ 40 ಯೂನಿಟ್) ಬಳಸುವವರು ಪುಣ್ಯವಂತರು. ಅದನ್ನು ಯು-100 ಸಿರಿಂಜಿನಲ್ಲಿ ಎಳೆದರೆ ಒಂದು ಯೂನಿಟ್‌ಗೆ ಎರಡೂವರೆ ಗೆರೆ ಸಿಗುತ್ತದೆ, ಕಣ್ಣಿಗೆ ಆರಾಮ. ಇದು ಉಲ್ಟಾ ಆದರೆ ಮಾತ್ರ ಗಂಡಾಂತರ. ಕೆಂಪು ಮುಚ್ಚಳದ ಯು-40 ಸಿರಿಂಜಿಗೆ ಗ್ಲಾರ್ಜಿನ್ ಎಳೆದರೆ ಒಂದು ಗೆರೆಗೆ ಎರಡೂವರೆ ಯೂನಿಟ್ ಒಳಗೆ ಹೋಗುತ್ತದೆ. ಅಮ್ಮನದ್ದು ಕೆಂಪು ಮುಚ್ಚಳ, ಶಾನುಭೋಗರದ್ದು ಯು-100ರ ಕಿತ್ತಳೆ. ಹಾಗಾಗಿ ನಮ್ಮ ಮನೆಯಲ್ಲಿ ಇವೆರಡೂ ಒಂದೇ ಡಬ್ಬಿಯಲ್ಲಿ ಇರುವಂತಿಲ್ಲ, ಒಂದೇ ಕೋಣೆಯಲ್ಲೂ ಇರುವಂತಿಲ್ಲ.

ಅರ್ಧ ಯೂನಿಟ್ ಗೆರೆ ಇರುವ 0.3 ಮಿಲಿಲೀಟರ್ ಸಿರಿಂಜ್ ಹುಡುಕಿದ ಕಥೆ ಹೇಳಿದರೆ ಪುರಾಣ ಆಗುತ್ತದೆ. ಮೆಡಿಕಲ್ ಶಾಪಿನ ಹುಡುಗ ಚೀಟಿ ನೋಡಿ, "ಪೇಷೆಂಟ್ 13 ವರ್ಷದ ಶಾನುಭೋಗಾನಾ ಮೇಡಂ?" ಅಂತ ಅನುಮಾನದಿಂದ ನೋಡಿದ. ಅವನಾದರೂ ಇಲ್ಲದ್ದನ್ನು ಇಲ್ಲ ಅಂತಲೇ ಹೇಳಿದ. ಆನ್‌ಲೈನ್ ಮಾರುವವನೊಬ್ಬ ಫೋಟೋದಲ್ಲಿ 0.3 ತೋರಿಸಿ ಕಳಿಸಿದ್ದು 0.5. ವಾಪಸ್ ಕಳಿಸಿದರೆ ಮತ್ತೆ 0.5. ಫೋನ್ ಮಾಡಿದರೆ "ಎಲ್ಲಾ ಒಂದೇ ಮೇಡಂ, ಇದರಲ್ಲಿ ಜಾಸ್ತಿ ಹಿಡಿಯುತ್ತೆ" ಎಂಬ ಉತ್ತರ. ಜಾಸ್ತಿ ಹಿಡಿಯೋದೇ ನನ್ನ ತಾಪತ್ರಯ ಅಂತ ಅವನಿಗೆ ಹೇಗೆ ಹೇಳೋದು!

ಕೊನೆಗೆ ಸರಿಯಾದದ್ದು ಬಂತು. ಅಷ್ಟರಲ್ಲಿ ಒಂದು ಮಿಲಿಗ್ರಾಂವರೆಗೆ ತೋರಿಸುವ ಪುಟ್ಟ ತಕ್ಕಡಿಯೂ ಬಂದಿತ್ತು. ಉಪಾಯ ಸರಳ: 0.01 ಮಿಲಿಲೀಟರ್ ನೀರಿನ ತೂಕ 10 ಮಿಲಿಗ್ರಾಂ. ಒಂದೂವರೆ ಯೂನಿಟ್ ಗೆರೆಗೆ ನೀರು ಎಳೆದು ತೂಗಿದರೆ 15 ಬರಬೇಕು. ಇಷ್ಟು ಚೂರು ನೀರು ನೋಡನೋಡುತ್ತಲೇ ಆರುತ್ತದೆ. ಅದಕ್ಕೆ ಬಾಟಲಿ ಮುಚ್ಚಳದಲ್ಲಿ ತುಸು ನೀರು, ಅದರ ಮೇಲೆ ಒಂದು ಪದರ ಕಡಲೆಕಾಯಿ ಎಣ್ಣೆ. ಸೂಜಿಯನ್ನು ಎಣ್ಣೆ ದಾಟಿಸಿ ನೀರಿನೊಳಗೆ ಒತ್ತಬೇಕು. ಮೇಲೆ ಬಿಟ್ಟರೆ ಹನಿ ಸೂಜಿ ತುದಿಗೇ ಅಂಟಿ ವಾಪಸ್ ಬರುತ್ತದೆ.

0.5ರ ಸಿರಿಂಜಿನಲ್ಲಿ ತಕ್ಕಡಿ 10ರಿಂದ 21ರವರೆಗೆ ಆಡಿತು. ಅಂದರೆ ಕೆಲವು ಹೊತ್ತು ಬೆಕ್ಕಿಗೆ ಹೋದದ್ದು ಒಂದು ಯೂನಿಟ್, ಕೆಲವು ಹೊತ್ತು ಎರಡು. ಪಾಪ, ಪಕ್ಕದ ಮನೆಯ ಹಾಲಿನ ತಪ್ಪೇನೂ ಇರಲಿಲ್ಲ. ದುಬಾರಿ 0.3ರಲ್ಲಿ ಸುಧಾರಿಸಿತು, ಆದರೆ 12ರಿಂದ 18. ಇಷ್ಟು ಕಾಡಿ ತರಿಸಿಕೊಂಡ ಮೇಲೆ ಇದೇನಾ!

ಭೂತಗನ್ನಡಿ ಇಟ್ಟು ನೋಡಿದಾಗ ಕಳ್ಳ ಸಿಕ್ಕ. ಪ್ಲಂಜರ್ ಪೂರ್ತಿ ತಳ್ಳಿದಾಗ ರಬ್ಬರಿನ ಅಂಚು ಸೊನ್ನೆ ಗೆರೆಯ ಮೇಲೆ ಕೂರಬೇಕು ತಾನೇ? ಒಂದರಲ್ಲಿ ಗೆರೆಗಿಂತ ಮೇಲೆ, ಇನ್ನೊಂದರಲ್ಲಿ ಕೆಳಗೆ. ಕೊಳವೆ ಸರಿಯಾಗಿಯೇ ಇದೆ, ಅದರ ಮೇಲೆ ಗೆರೆ ಅಚ್ಚು ಹಾಕುವಾಗ ಕೂದಲೆಳೆಯಷ್ಟು ಜಾರಿದೆ. ಈ ಸಿರಿಂಜಿನ ಒಳಗಿನ ಅಗಲ ಸುಮಾರು 3 ಮಿಲಿಮೀಟರ್. ಹಾಗಾಗಿ ಒಂದು ಯೂನಿಟ್ ಅಂದರೆ ಪ್ಲಂಜರಿನ ಓಟ ಬರೀ 1.4 ಮಿಲಿಮೀಟರ್. ಅಚ್ಚು ಅರ್ಧ ಮಿಲಿಮೀಟರ್ ಜಾರಿದರೆ ಮೂರನೇ ಒಂದು ಯೂನಿಟ್ ಗೋತಾ.

ಹಾಗಾದರೆ ಗೆರೆಯನ್ನು ನಂಬುವುದೇ ಬೇಡ. ಪ್ಲಂಜರ್ ತಳ ಮುಟ್ಟುವ ಜಾಗವೇ ನಿಜವಾದ ಸೊನ್ನೆ. ಅಲ್ಲಿಂದ 2.1 ಮಿಲಿಮೀಟರ್ ಹಿಂದೆ ಬಂದರೆ ಒಂದೂವರೆ ಯೂನಿಟ್. ಪೂರ್ತಿ ತಳ್ಳಿದಾಗಲೂ ಹೆಬ್ಬೆರಳು ಒತ್ತುವ ತಟ್ಟೆಗೂ ಸಿರಿಂಜಿನ ರೆಕ್ಕೆಗೂ ನಡುವೆ ಸ್ವಲ್ಪ ಸಂದು ಉಳಿಯುತ್ತದೆ. ವರ್ನಿಯರ್ ಕ್ಯಾಲಿಪರ್‌ನಲ್ಲಿ ಆ ಸಂದು ಅಳೆದು, ಅದಕ್ಕೆ 2.1 ಸೇರಿಸಿ, ಅಷ್ಟೇ ದಪ್ಪದ ಒಂದು ಕ್ಲಿಪ್ಪನ್ನು 3ಡಿ ಪ್ರಿಂಟರಿನಲ್ಲಿ ತೆಗೆದೆ. ಪ್ಲಂಜರಿನ ಕಡ್ಡಿಗೆ ಪಕ್ಕದಿಂದ ಸಿಕ್ಕಿಸುವಂಥದ್ದು. ಚೂರು ದಪ್ಪ ಬಂತು, ಮರಳು ಕಾಗದದಲ್ಲಿ ಉಜ್ಜಿದೆ.

ಬಳಸುವುದು ಹೀಗೆ. ಇನ್ಸುಲಿನ್ ಬೇಕಾದ್ದಕ್ಕಿಂತ ಜಾಸ್ತಿ ಎಳೆಯಿರಿ, ಗುಳ್ಳೆ ಓಡಿಸಿ, ಕ್ಲಿಪ್ ಸಿಕ್ಕಿಸಿ. ತಟ್ಟೆ ಕ್ಲಿಪ್ಪಿಗೆ ತಾಗುವವರೆಗೆ ತಳ್ಳಿ, ಹೆಚ್ಚಿನದ್ದು ಹೊರಗೆ ಚೆಲ್ಲಲಿ. ಕಾರ್ಟ್ರಿಡ್ಜಿಗೆ ವಾಪಸ್ ಬಿಡಬೇಡಿ. ಕ್ಲಿಪ್ ತೆಗೆದು ಚುಚ್ಚಿ. ಅಳತೆ ಯಾವಾಗಲೂ ತಳ್ಳುತ್ತಾ ನಿಲ್ಲಬೇಕು, ಎಳೆಯುತ್ತಾ ನಿಲ್ಲಿಸಿದರೆ ರಬ್ಬರ್ ಹಿಗ್ಗಿ ಸುಳ್ಳು ಹೇಳುತ್ತದೆ. ಲೇತ್ ಮೇಲೆ ಕೆಲಸ ಮಾಡಿದವರಿಗೆ ಇದು ಹೊಸದಲ್ಲ, ಬ್ಯಾಕ್‌ಲ್ಯಾಶ್ (ದಿಕ್ಕು ಬದಲಿಸಿದಾಗ ಸಿಗುವ ಸಡಿಲ) ಅಷ್ಟೇ. ಹೊಸ ಪ್ಯಾಕೆಟ್ ತೆರೆದಾಗಲೆಲ್ಲ ಸಂದನ್ನು ಮತ್ತೆ ಅಳೆಯಬೇಕು. ಹೀಗೆ ಬಂದದ್ದೇ ಮೇಲಿನ 15, 15, 14, 16, 15.

ಮೀಟರಿನ ಬಗ್ಗೆಯೂ ಒಂದು ಮಾತು. ಪ್ರಾಣಿಗಳ ಮೀಟರಿನ ಸ್ಟ್ರಿಪ್ ಬೆಲೆ ಕೇಳಿದರೆ ನಮಗೇ ಗ್ಲೂಕೋಸ್ ಬೇಕಾಗುತ್ತದೆ. ಮೇಲಾಗಿ ನನಗೆ ಬಂದ ಡಬ್ಬಿಯ ಅವಧಿ ಮುಂದಿನ ತಿಂಗಳೇ ಮುಗಿಯುವುದಿತ್ತು. ಹಾಗಾಗಿ ಅಮ್ಮನ ಮೀಟರೇ ಗತಿ. ಅದು ಬೆಕ್ಕಿನ ರಕ್ತದಲ್ಲಿ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಮನುಷ್ಯರ ಸಕ್ಕರೆಯಲ್ಲಿ ದೊಡ್ಡ ಪಾಲು ಕೆಂಪು ಕಣದೊಳಗಿರುತ್ತದೆ, ಬೆಕ್ಕಿನದ್ದು ಬಹುಪಾಲು ಪ್ಲಾಸ್ಮಾದಲ್ಲೇ. ಮೀಟರಿನ ಲೆಕ್ಕ ನಮ್ಮದಕ್ಕೆ ಹೊಂದಿಸಿದ್ದು. ಡಾಕ್ಟರಿಗೆ ಯಾವ ಮೀಟರ್ ಅಂತ ಹೇಳಿಟ್ಟರೆ ತೊಂದರೆಯಿಲ್ಲ. ತೊಂದರೆ ಆದದ್ದು ಅಮ್ಮನ ಡಾಕ್ಟರಿಗೆ. ಮೀಟರಿನ ಮೆಮೊರಿ ನೋಡಿ "ರಾತ್ರಿ ಮೂರು ಗಂಟೆಗೆ 340! ಏನು ತಿಂದ್ರಿ ಅಮ್ಮಾ?" ಎಂದರಂತೆ. "ಅದು ಶಾನುಭೋಗರದ್ದು ಡಾಕ್ಟ್ರೇ" ಎಂದು ಅಮ್ಮ. ನಮ್ಮ ತಂದೆ ತೀರಿಕೊಂಡದ್ದು ಆ ಡಾಕ್ಟರಿಗೆ ಗೊತ್ತು, ಮುಂದೇನೂ ಕೇಳಲಿಲ್ಲವಂತೆ.

ಮಾತ್ರೆ ಕೊಡಬಹುದಲ್ವಾ ಅಂತ ಕೇಳುವವರಿಗೆ: ಅಮೆರಿಕದಲ್ಲಿ 2022ರ ಕೊನೆಗೆ ಬೆಕ್ಕುಗಳಿಗೆಂದೇ ಬೆಕ್ಸಾಗ್ಲಿಫ್ಲೋಜಿನ್ ಮಾತ್ರೆಗೆ ಅನುಮತಿ ಸಿಕ್ಕಿದೆ. ಆದರೆ ಈಗಾಗಲೇ ಇನ್ಸುಲಿನ್ ತೆಗೆದುಕೊಂಡ ಬೆಕ್ಕಿಗೆ ಅದು ಅಲ್ಲ. ನಮ್ಮವರ ಬಸ್ಸು ಹೊರಟಾಗಿದೆ.

ತಕ್ಕಡಿ ಅಂದಾಗ ನೆನಪಾಯಿತು, ಮುಂದಿನ ಕೆಲಸ ಲಿಟರ್ ಡಬ್ಬಿಯ, ಅಂದರೆ ಬೆಕ್ಕಿನ ಕಕ್ಕಸಿನ, ಕೆಳಗೆ. ಸಕ್ಕರೆ ಏರಿದರೆ ಉಚ್ಚೆ ಜಾಸ್ತಿ. ನಾಲ್ಕು ಮೂಲೆಗೆ ಲೋಡ್ ಸೆಲ್ (ತೂಕದ ಸೆನ್ಸರ್), ಅದನ್ನು ಅಂಕಿಗೆ ತರುವ ಒಂದು ಎಚ್‌ಎಕ್ಸ್711 ಚಿಪ್, ವೈಫೈ ಇರುವ ಒಂದು ಇಎಸ್‌ಪಿ32 ಬೋರ್ಡ್ ಇಟ್ಟರೆ ಪ್ರತಿ ಸಲ ಎಷ್ಟು ಗ್ರಾಂ ಅಂತ ಫೋನಿಗೇ ಬರುತ್ತದೆ. ಬೆಕ್ಕಿನ ತೂಕವೂ ಪುಕ್ಕಟೆ. ಡಬ್ಬಿಗೆ ಹಾಕುವ ಬೆಂಟೊನೈಟ್ ಮಣ್ಣಿನ ಧೂಳಿನಿಂದ ವೈರುಗಳನ್ನು ಕಾಪಾಡುವುದು ಹೇಗೆ ಅಂತ ಇನ್ನೂ ಯೋಚಿಸುತ್ತಿದ್ದೇನೆ. ಅಮ್ಮನಿಗೆ ಹೇಳಿಲ್ಲ.

ಕ್ಲಿಪ್ ತೋರಿಸಿದಾಗ ನಮ್ಮ ಪಶುವೈದ್ಯರು ನಕ್ಕರು, ಆಮೇಲೆ ತಾವೇ ಎರಡು ಸಲ ಸಿಕ್ಕಿಸಿ ನೋಡಿದರು. ಡೋಸ್ ಈಗ ಖಾತ್ರಿ ಆದ್ದರಿಂದ ಸದ್ಯಕ್ಕೆ ಒಂದೂಕಾಲಕ್ಕೆ ಇಳಿಸಿ ನೋಡೋಣ ಎಂದರು. ಆ ಕ್ಲಿಪ್ಪಿಗೆ 2.1ರ ಬದಲು 1.75 ಸೇರಿಸಬೇಕು. ಜೇನುತುಪ್ಪದ ಬಾಟಲಿ ಫ್ರಿಜ್ ಮೇಲೆ ಕೈಗೆ ಸಿಗುವಂತೆ ಇದ್ದೇ ಇದೆ, ಸಕ್ಕರೆ ತೀರಾ ಇಳಿದು ಬೆಕ್ಕು ತೂರಾಡಿದರೆ ಒಸಡಿಗೆ ಹಚ್ಚಿ ಆಸ್ಪತ್ರೆಗೆ ಓಡಲು.

ಒಂದೂಕಾಲಕ್ಕೆ ಬಂದ ಮೇಲೆ ಮಧ್ಯಾಹ್ನದ ಅಂಕಿಗಳು 120ರಿಂದ 160ರ ಒಳಗೇ ಓಡಾಡುತ್ತಿವೆ. ಬೆಳಗಿನದ್ದು ಮಾತ್ರ ಇನ್ನೂ 280ರ ಹತ್ತಿರ. ಮೊದಲಾಗಿದ್ದರೆ ಇದನ್ನೂ ಸಿರಿಂಜಿನ ತಲೆಗೆ ಕಟ್ಟಬಹುದಿತ್ತು, ಈಗ ಆಗಲ್ಲ. ಡಾಕ್ಟರ್ ಬಾಯಿ ತೆರೆಸಿ ನೋಡಿದಾಗ ಹಿಂದಿನ ಹಲ್ಲಿನ ಸುತ್ತ ಒಸಡು ಕೆಂಪಾಗಿ ಊದಿತ್ತು. ಬಾಯಿಯ ಸೋಂಕು ಇನ್ಸುಲಿನ್ ಸರಿಯಾಗಿ ಕೆಲಸ ಮಾಡಲು ಬಿಡುವುದಿಲ್ಲ. ಶುಕ್ರವಾರ ಕಿಡ್ನಿಯ ರಕ್ತಪರೀಕ್ಷೆ. ಅದು ಸರಿ ಇದ್ದರೆ ಹಲ್ಲು ಕೀಳಿಸುವುದು.